ಓರೆ ನಿಂತ ಸ್ಕ್ರೂ

ಕಾಪುವಿನ ಮೀನು ಮಾರ್ಕೆಟ್ಟಿಗೆ ಕಜೆಟನ್ ಬರುವುದನ್ನು ಕಂಡರೆ ಸಾಕು, ಮೀನು ಮಾರುವ ಬೇಬಿ ತಾನಾಗಿಯೇ ಬಂಗುಡೆಯ ಕಿವಿರು ಎತ್ತಿ ಹಿಡಿಯುತ್ತಿದ್ದಳು.

"ನೋಡಿ ಪೊರ್ಬುಗಳೇ, ಕೆಂಪು ಉಂಟು. ಬೇಕಾದರೆ ಮೂಸಿ. ಮನೆಗೆ ಹೋಗಿ ಬಾಯಮ್ಮನಿಗೂ ಮೂಸಲು ಕೊಡಿ. ಆಮೇಲೆ ಬೆಕ್ಕಿನ ಹತ್ತಿರವೂ ಒಮ್ಮೆ ಕೇಳಿ."

ಕ್ರಿಸ್ತುವ ಗಂಡಸರನ್ನು 'ಪೊರ್ಬು', ಹೆಂಗಸರನ್ನು 'ಬಾಯಮ್ಮ' ಎನ್ನುವುದು ನಮ್ಮ ಕಡೆಯ ರೂಢಿ. ಕಜೆಟನ್ ನಗುತ್ತಿರಲಿಲ್ಲ. ಕಿವಿರನ್ನು ತಾನೇ ಇನ್ನೊಮ್ಮೆ ಎತ್ತಿ ನೋಡಿ, ಮೂಸಿ, ಬುಟ್ಟಿಯ ಅಡಿಯಲ್ಲಿದ್ದ ಮೀನನ್ನೂ ಎಳೆದು ಮೂಸಿ, ಆಮೇಲೆ ಚೀಲ ಬಿಚ್ಚುತ್ತಿದ್ದ.

ಅವನು ನನ್ನ ನೆರೆಯವನು. ನಮ್ಮ ಮನೆಗೂ ಅವನ ಮನೆಗೂ ನಡುವೆ ಎದೆಯೆತ್ತರದ ಒಂದು ಪಾಗಾರದ ಗೋಡೆ ಮಾತ್ರ. ನಾನು ಪಾಠ ಮಾಡಲು ಶಾಲೆಗೆ ಹೊರಡುವ ಹೊತ್ತಿಗೆ ಅವನೂ ಮಣಿಪಾಲಕ್ಕೆ ಹೊರಡುತ್ತಿದ್ದ. ಬಸ್ಸಿನ ಹಣೆಯ ಮೇಲೆ 'ಉಡುಪಿ' ಎಂದು ಬರೆದದ್ದನ್ನು ಓದಿ, ಬಾಗಿಲಲ್ಲಿ ಕಂಡಕ್ಟರನನ್ನು ಕೇಳಿ, ಒಳಗೆ ಕುಳಿತ ಮೇಲೆ ಪಕ್ಕದವನನ್ನೂ "ಇದು ಉಡುಪಿಗೆ ಅಲ್ವಾ?" ಎಂದು ಕೇಳುತ್ತಿದ್ದ. ವರ್ಷಗಟ್ಟಲೆ ಅದೇ ಬಸ್ಸಿನಲ್ಲಿ ಹೋದವನು ಅವನು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತುವಾಗ ಮತ್ತೆ ಅದೇ ವಿಚಾರಣೆ.

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಅವನು ಪುಸ್ತಕ ಕಟ್ಟುವ ಬೈಂಡರ್ ಆಗಿದ್ದ. ಸಂಶಯದ ಸ್ವಭಾವ ಅಲ್ಲಿ ಒಳ್ಳೆಯ ಗುಣವೇ ಆಗಿತ್ತು. ಪುಟಗಳು ಕ್ರಮವಾಗಿವೆ ಎಂದು ಯಾರು ಹೇಳಿದರೂ ನಂಬದೆ ತಾನೇ ಎಣಿಸಿ ನೋಡುವವನ ಕೈಯಿಂದ ತಪ್ಪು ಪುಸ್ತಕ ಹೊರಗೆ ಹೋಗುವುದಿಲ್ಲ. ಆದರೆ ಮನುಷ್ಯರನ್ನು ಪುಟಗಳಂತೆ ಎಣಿಸಿ ನೋಡಲು ಬರುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ವಾರದ ಆರು ದಿನ ಬೈಂಡರ್ ಆಗಿದ್ದವನು ಮದುವೆಯ ದಿನಗಳಲ್ಲಿ ಬೇರೆಯೇ ಮನುಷ್ಯನಾಗುತ್ತಿದ್ದ. ಬಿಳಿ ಅಂಗಿ, ಕಪ್ಪು ಟೈ, ಎಣ್ಣೆ ಹಚ್ಚಿ ಬಾಚಿದ ಕೂದಲು. ಇಮ್ಯಾನುಯೆಲ್ ಎಂಬವನು ನಡೆಸುತ್ತಿದ್ದ ಬ್ಯಾಂಡಿನಲ್ಲಿ ಅವನು ಬೇಸ್ ಗಿಟಾರ್ ನುಡಿಸುತ್ತಿದ್ದ. ಹೆಂಡತಿ ಇಮೆಲ್ಡಾ ಅದನ್ನು ಹೊಗಳುತ್ತಿದ್ದ ರೀತಿ ಹೀಗೆ: "ಬೇರೆಯವರದ್ದು ಹಾಡು. ನಮ್ಮವರದ್ದು ಹಸಿದ ಹೊಟ್ಟೆಯ ಸದ್ದು." ಆದರೆ ಕಜೆಟನ್ ವೇದಿಕೆಯ ಮೇಲೆ ನಿಂತಾಗ ಅವಳು ಮುಂದಿನ ಸಾಲಿನಲ್ಲೇ ಕುಳಿತಿರುತ್ತಿದ್ದಳು.

ಆ ಸದ್ದು ಬರುತ್ತಿದ್ದದ್ದು ಒಂದು ದೊಡ್ಡ ಪೆಟ್ಟಿಗೆಯಿಂದ. ಇಮೆಲ್ಡಾಳ ತಮ್ಮ ಫೌಸ್ಟಿನ್ ಬಹ್ರೈನಿನಿಂದ ಬರುವಾಗ ಕಂಬಳಿಯಲ್ಲಿ ಸುತ್ತಿ ಒಂದು ಅಗಲವಾದ ಸ್ಪೀಕರ್ ತಂದುಕೊಟ್ಟಿದ್ದ. ಕಜೆಟನ್ ಹಲಸಿನ ಹಲಗೆಯಲ್ಲಿ ಅದಕ್ಕೊಂದು ಪೆಟ್ಟಿಗೆ ಮಾಡಿಸಿದ. ಮುಂದೆ, ಪುಸ್ತಕದ ಬೆನ್ನಿಗೆ ಅಂಟಿಸುವ ಜಾಳುಬಟ್ಟೆಗೆ ಕಪ್ಪು ಬಣ್ಣ ಹಾಕಿ ಬಿಗಿದ. ಹಿಂದಿನ ಹಲಗೆಯನ್ನು ಸ್ಕ್ರೂಗಳಿಂದ ಕೂರಿಸಿ, ಪ್ರತಿಯೊಂದು ಸ್ಕ್ರೂವಿನ ತಲೆಯ ಗೀರು ನೆಟ್ಟಗೆ ಮೇಲೆ ಕೆಳಗೆ ನಿಲ್ಲುವಂತೆ ತಿರುಗಿಸಿದ. ಹಲಗೆ ಮುಚ್ಚುವ ಮೊದಲು ಇಮೆಲ್ಡಾ ಸ್ಪೀಕರಿನ ಹಿಂಭಾಗಕ್ಕೆ ಮರಿಯಮ್ಮನವರ ಒಂದು ಸಣ್ಣ ಪದಕವನ್ನು ನೂಲಿನಿಂದ ಕಟ್ಟಿದಳು. ಆ ಪದಕದ ಸಂಗತಿ ಅವರಿಬ್ಬರಿಗೆ ಮತ್ತು ಪಾಗಾರದ ಈಚೆಯಲ್ಲಿದ್ದ ನನಗೆ ಮಾತ್ರ ಗೊತ್ತಿತ್ತು.

ಕಜೆಟನ್‌ನ ಮನೆಯ ಹಂಚು ಮಳೆಗಾಲದಲ್ಲಿ ಸೋರುತ್ತಿತ್ತು. ಆದ್ದರಿಂದ ಮಳೆ ಹಿಡಿಯುವ ಮೊದಲು ಅವನು ಪೆಟ್ಟಿಗೆಯನ್ನು ಉಚ್ಚಿಲದಲ್ಲಿ ಶೇಖರನ ಅಂಗಡಿಯ ಅಟ್ಟದ ಮೇಲೆ ಇಡುತ್ತಿದ್ದ. ಶೇಖರನದ್ದು ಮೈಕ್ ಸೆಟ್ಟಿನ ವ್ಯಾಪಾರ. ಮದುವೆ, ಗೃಹಪ್ರವೇಶ, ಇಗರ್ಜಿಯ ಹಬ್ಬ ಎಲ್ಲದಕ್ಕೂ ಅವನ ಹಾರ್ನುಗಳೇ ಮರ ಹತ್ತುತ್ತಿದ್ದವು. ಇವರಿಬ್ಬರೂ ಸಣ್ಣಂದಿನಿಂದ ಸ್ನೇಹಿತರು. ತುಳುವಿನಲ್ಲಿ ಜಗಳವಾಡುತ್ತಾ, ತುಳುವಿನಲ್ಲೇ ರಾಜಿಯಾಗುತ್ತಾ ಬಂದವರು. ಕಜೆಟನ್ ಲೋಕದಲ್ಲಿ ನಂಬುತ್ತಿದ್ದವರು ಇಮೆಲ್ಡಾ ಮತ್ತು ಶೇಖರ ಎಂದು ನಾನು ತಿಳಿದಿದ್ದೆ. ಶೇಖರನ ಮಟ್ಟಿಗೆ ಆ ನಂಬಿಕೆ ಎಷ್ಟು ತೆಳ್ಳಗಿತ್ತು ಎಂಬುದು ಎಂಬತ್ತೊಂದನೆಯ ಇಸವಿಯ ಕ್ರಿಸ್ಮಸ್ ಹೊತ್ತಿಗೆ ಗೊತ್ತಾಯಿತು.

ಆ ವರ್ಷ ಮಳೆ ಬಿಟ್ಟ ಮೇಲೂ ಬ್ಯಾಂಡು ಎದ್ದಿರಲಿಲ್ಲ. ಇಮ್ಯಾನುಯೆಲ್ ಟೈಫಾಯ್ಡ್ ಬಂದು ಮಲಗಿದ್ದ. ಅವನು ಚೇತರಿಸಿಕೊಳ್ಳುವಷ್ಟರಲ್ಲಿ ಕ್ರಿಸ್ಮಸ್ಸಿನ ಮುಂಚಿನ ಆಗಮನ ಕಾಲ ಬಂತು. ಆಗ ಇಗರ್ಜಿಯವರಲ್ಲಿ ಮದುವೆಗಳಿಲ್ಲ. ಕ್ರಿಸ್ಮಸ್ ಕಳೆದದ್ದೇ ತಡ, ಗಲ್ಫಿನಿಂದ ರಜೆಯಲ್ಲಿ ಬಂದವರ ಮದುವೆಗಳು ಒಂದರ ಹಿಂದೆ ಒಂದು. ಮೊದಲನೆಯದು ಕಾರ್ಕಳದಲ್ಲಿ, ಕುವೈಟಿನ ಹುಡುಗನದ್ದು. ಅದರ ಅಭ್ಯಾಸಕ್ಕೆಂದು ಕಜೆಟನ್ ಉಚ್ಚಿಲದಿಂದ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ತಂದು ಇಮ್ಯಾನುಯೆಲ್‌ನ ಜಗಲಿಯಲ್ಲಿ ಇಳಿಸಿದ. ವಯರು ಸಿಕ್ಕಿಸಿ ದಪ್ಪ ತಂತಿಯನ್ನು ಮೀಟಿದ.

ಜರ್ರ್ ಎಂದಿತು.

"ಎಂತ ಮಾರಾಯ, ಒಳಗೆ ಕೆಮ್ಮು ಹಿಡಿದ ಅಜ್ಜ ಯಾರಾದರೂ ಕೂತಿದ್ದಾರಾ?" ಎಂದ ಇಮ್ಯಾನುಯೆಲ್.

ಸಣ್ಣಗೆ ಮೀಟಿದರೂ ಜರ್ರ್. ಕಪ್ಪು ಬಟ್ಟೆಯ ಮೇಲೆ ಟಾರ್ಚು ಹಿಡಿದು ನೋಡಿದರೆ, ಒಳಗೆ ಸ್ಪೀಕರಿನ ಆಲಿಕೆಯಂಥ ಕಾಗದದ ಕೋನಿನಲ್ಲಿ ಅಂಚಿನ ಕಡೆ ಹರಿದ ಗೆರೆಯೊಂದು ಮಸುಕಾಗಿ ಕಾಣುತ್ತಿತ್ತು.

ಇಮ್ಯಾನುಯೆಲ್ ನಗು ನಿಲ್ಲಿಸಿದ. "ನೋಡು ಕಜೆಟನ್, ಕಾರ್ಕಳದ್ದು ದೊಡ್ಡ ಮದುವೆ. ಮಂಗಳೂರಿನ ಅಲೆಕ್ಸಾಂಡರ್ ಅವನದ್ದೇ ಪೆಟ್ಟಿಗೆ ಸಮೇತ ಬರುತ್ತೇನೆ ಅಂತ ಹಿಂದೆ ಬಿದ್ದಿದ್ದಾನೆ. ಹೊಸ ಹುಡುಗ. ಒಮ್ಮೆ ಬಂದು ನಿನ್ನ ಜಾಗದಲ್ಲಿ ನಿಂತರೆ ಮತ್ತೆ ಅವನನ್ನು ಇಳಿಸಲಿಕ್ಕೆ ನನ್ನಿಂದ ಆಗುವುದಿಲ್ಲ. ಮೊದಲೇ ಹೇಳಿದ್ದೇನೆ."

ಆ ಜಾಗ ಹೋದರೆ ಕಜೆಟನ್‌ಗೆ ಉಳಿಯುವುದು ಅಂಟು, ಕಾಗದ ಮತ್ತು ಉಡುಪಿಯ ಬಸ್ಸು. ಅವನು ಪೆಟ್ಟಿಗೆಯನ್ನು ಮನೆಗೆ ತಂದ. ತಿರುಗಿಸಿ ಗೋಡೆಗೆ ಒರಗಿಸುವಾಗ ಹಿಂದಿನ ಹಲಗೆಯನ್ನು ಕಂಡ. ಸ್ಕ್ರೂಗಳ ಗೀರುಗಳು ನೆಟ್ಟಗಿರಲಿಲ್ಲ. ಒಂದು ಅಡ್ಡ ಮಲಗಿತ್ತು. ಒಂದು ಓರೆಯಾಗಿ ನಿಂತಿತ್ತು.

ಮರುದಿನ ಬೆಳಿಗ್ಗೆ ಪಾಗಾರದ ಮೇಲಿಂದ ನನ್ನನ್ನು ಕರೆದ.

"ಮಾಸ್ಟ್ರೇ, ಒಂದು ನಿಮಿಷ ಬನ್ನಿ. ಇದನ್ನು ನೋಡಿ. ಮುಟ್ಟಬೇಡಿ, ನೋಡಿ ಮಾತ್ರ."

ನೋಡಿದೆ. "ಯಾರೋ ತೆಗೆದು ಹಾಕಿದ್ದಾರೆ" ಎಂದೆ.

"ಯಾರೋ ಅಲ್ಲ. ಅಟ್ಟ ಯಾರದ್ದು? ಸ್ಕ್ರೂಡ್ರೈವರ್ ಯಾರ ಜೇಬಿನಲ್ಲಿ ಯಾವಾಗಲೂ ಇರುತ್ತದೆ? ಬಹ್ರೈನಿನ ಸ್ಪೀಕರ್ ಇದರ ಒಳಗೆ ಉಂಟು ಅಂತ ಯಾರಿಗೆ ಗೊತ್ತುಂಟು? ಅವನು ನನ್ನದನ್ನು ತೆಗೆದು, ಹರಿದ ಅವನದ್ದನ್ನು ಕೂರಿಸಿದ್ದಾನೆ."

"ಹಾಗಾದರೆ ತೆರೆದು ನೋಡು. ಪದಕ ಇದ್ದರೆ ನಿನ್ನದೇ ಸ್ಪೀಕರ್."

"ಅಲ್ಲೇ ಇರುವುದು ಕಷ್ಟ. ನಾನೊಬ್ಬನೇ ತೆರೆದು, ಒಳಗೆ ಬೇರೆಯದ್ದು ಇದ್ದರೆ, ನೀನೇ ಬದಲಾಯಿಸಿದ್ದು ಅಂತ ಅವನು ಹೇಳುವುದಿಲ್ಲವಾ? ಅವನ ಎದುರೇ ತೆರೆಯಬೇಕು. ಸಾಕ್ಷಿ ಬೇಕು."

ಆಮೇಲೆ ಅವನು ಮಾಡಿದ್ದನ್ನು ಬೇರೆ ಯಾರೂ ಮಾಡಲಾರರು. ಕ್ಯಾಲಿಕೋ ಬಟ್ಟೆಯ ಪಟ್ಟಿಗಳನ್ನು ಕತ್ತರಿಸಿ, ಅಂಟು ಬಳಿದು, ಪ್ರತಿಯೊಂದು ಸ್ಕ್ರೂವಿನ ಮೇಲೂ ಅಂಟಿಸಿ, ಪಟ್ಟಿಯ ಮೇಲೆ ತನ್ನ ರುಜು ಹಾಕಿದ. ಇಮೆಲ್ಡಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಸ್ಕ್ರೂಗಳು ಓಡಿ ಹೋಗುತ್ತವಾ ಎಂತದು? ನನಗೂ ಒಂದು ಪಟ್ಟಿ ಅಂಟಿಸಿ ಬಿಡಿ" ಎಂದಳು. ಅವನು ಅದಕ್ಕೂ ನಗಲಿಲ್ಲ.

ಆ ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಕಜೆಟನ್ ತೆಂಕಕ್ಕೆ ಹೋಗುವ ಬಸ್ಸು ಹತ್ತಿ ಉಚ್ಚಿಲದಲ್ಲಿ ಇಳಿದ. ಅಲ್ಲಿ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಶೇಖರನ ಮೈಕ್ ಸೆಟ್ ಹಾಡುತ್ತಿತ್ತು. ಕಜೆಟನ್ ಬೇಲಿಯ ಹೊರಗೆ ನಿಂತು ಕಿವಿಗೊಟ್ಟ. ಹಾರ್ನಿನ ಕಿರುಚಾಟದ ಕೆಳಗೆ, ಅಂಗಳದ ಮೂಲೆಯ ಪೆಟ್ಟಿಗೆಯಿಂದ ದುಂ ದುಂ ಎಂಬ ತುಂಬಿದ ಸ್ವರ ಬರುತ್ತಿತ್ತು. ಶೇಖರನ ಹಳೆಯ ಪೆಟ್ಟಿಗೆ ಹಾಗೆ ನುಡಿದದ್ದನ್ನು ಅವನು ಹಿಂದೆ ಕೇಳಿರಲಿಲ್ಲ.

ಚಪ್ಪರದ ಕಂಬಕ್ಕೆ ವಯರು ಕಟ್ಟುತ್ತಿದ್ದ ಶೇಖರ ಅವನನ್ನು ಕಂಡು ಕೂಗಿದ: "ಓ ಪೊರ್ಬುಗಳೇ, ಕರೆಯದೆ ಊಟಕ್ಕೆ ಬಂದದ್ದಾ? ಇವತ್ತು ಮೀನಿಲ್ಲ, ಮೂಸಲಿಕ್ಕೆ ಎಂತದೂ ಸಿಗುವುದಿಲ್ಲ."

"ನಿನ್ನ ಪೆಟ್ಟಿಗೆಯ ಸ್ವರ ಒಳ್ಳೆಯದಾಗಿದೆ."

"ಗೋಡೆಯ ಮೂಲೆಗೆ ಇಟ್ಟಿದ್ದೇನೆ. ಮೂಲೆಗೆ ಇಟ್ಟರೆ ಹಾಗೆಯೇ."

"ಹೌದಾ." ಕಜೆಟನ್ ಬೇಲಿಗೆ ಕೈಯೂರಿ ಕೇಳಿದ: "ನನ್ನ ಪೆಟ್ಟಿಗೆಯನ್ನು ಅಟ್ಟದಲ್ಲಿ ಯಾರಾದರೂ ಮುಟ್ಟಿದ್ದಾರಾ?"

ಶೇಖರ ಒಂದು ಕ್ಷಣ ಅವನ ಮುಖ ನೋಡಿ, ಬಾಯಿಯ ಒಂದೇ ಬದಿಯಲ್ಲಿ ನಕ್ಕ. "ಮುಟ್ಟಬಾರದಾ? ಅದೆಂತ ಮದುಮಗಳಾ?"

ಹರಿದ ಕೋನಿನ ಸುದ್ದಿಯನ್ನು ಕಜೆಟನ್ ಎತ್ತಲಿಲ್ಲ. ಆ ನಗುವನ್ನು ಮಾತ್ರ ಮನೆಯವರೆಗೂ ಹೊತ್ತುಕೊಂಡು ಬಂದ. ದಾರಿಯಲ್ಲಿ ಇಮ್ಯಾನುಯೆಲ್ ಸಿಕ್ಕಿದಾಗ ಹೇಳಿಯೇ ಬಿಟ್ಟ: "ಶೇಖರನದ್ದೇ ಕೆಲಸ. ಕದ್ದವನ ನಗು ನನಗೆ ಗೊತ್ತಾಗುವುದಿಲ್ಲವಾ?" ಇಮ್ಯಾನುಯೆಲ್ ಒಳ್ಳೆಯವನು, ಆದರೆ ಅವನ ಹೊಟ್ಟೆಯಲ್ಲಿ ಮಾತು ಬೇಯುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಸಂಜೆಯೊಳಗೆ ಕಾಪು ಪೇಟೆಯಲ್ಲಿ ಆ ಸುದ್ದಿ ಇತ್ತು. ಮರುದಿನ ಅದು ಉಚ್ಚಿಲಕ್ಕೂ ಮುಟ್ಟಿತು. ಹೊಸ ವರ್ಷದ ಪೂಜೆಗೆ ಈ ಸಲ ಬೇರೆ ಮೈಕ್ ಸೆಟ್ಟಿನವರನ್ನು ಕರೆದರೆ ಹೇಗೆ ಎಂದು ಇಗರ್ಜಿಯ ಅಂಗಳದಲ್ಲಿ ಯಾರೋ ಮಾತಾಡಿದ್ದು ನನ್ನ ಕಿವಿಗೂ ಬಿತ್ತು.

ಕಾರ್ಕಳದ ಮದುವೆಗೆ ಎರಡು ದಿನವಿತ್ತು. ಕಜೆಟನ್ ಕೆಲಸಕ್ಕೆ ರಜೆ ಹಾಕಿ, ಶೇಖರನಿಗೆ ಹೇಳಿ ಕಳುಹಿಸಿ, ನನ್ನನ್ನು ಸಾಕ್ಷಿಯಾಗಿ ಕರೆದು ಜಗಲಿಯ ಕುರ್ಚಿಯಲ್ಲಿ ಕೂರಿಸಿದ. ಊಟ ಮುಗಿದ ಹೊತ್ತಿಗೆ ಶೇಖರ ಬಂದ. ಅವನ ಕಂಕುಳಲ್ಲಿ ಹೆಗಲಿನ ಬೈರಾಸು ಬಟ್ಟೆಯಲ್ಲಿ ಸುತ್ತಿದ ಉರುಟಾದ ಗಂಟೊಂದಿತ್ತು.

ಕಜೆಟನ್ ನನ್ನ ಕಡೆಗೆ ಬಾಗಿ ಪಿಸುಗುಟ್ಟಿದ: "ಕಂಡಿರಾ ಮಾಸ್ಟ್ರೇ? ಹೆದರಿ ಹಿಂದೆ ತಂದಿದ್ದಾನೆ."

ನನಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ಸಂಶಯ ಅಂಟುರೋಗ.

ಶೇಖರ ಗಂಟನ್ನು ನೆಲದ ಮೇಲೆ ಇಟ್ಟ. ಮುಖದಲ್ಲಿ ನಗುವಿರಲಿಲ್ಲ. "ತೆರೆ" ಎಂದ.

ಕಜೆಟನ್ ಪಟ್ಟಿಗಳ ಮೇಲಿನ ರುಜು ಒಂದೊಂದನ್ನೂ ನನಗೆ ತೋರಿಸಿ, ಬೈಂಡಿಂಗಿನ ಚೂರಿಯಿಂದ ಕೊಯ್ದ. ಸ್ಕ್ರೂಗಳನ್ನು ತೆಗೆದು ಬಟ್ಟಲಿಗೆ ಹಾಕಿದ. ಹಿಂದಿನ ಹಲಗೆಯನ್ನು ಎತ್ತಿ ಪಕ್ಕಕ್ಕೆ ಇಟ್ಟ. ಇಮೆಲ್ಡಾಳೂ ಸೇರಿ ನಾವು ನಾಲ್ವರೂ ಬಾಗಿ ನೋಡಿದೆವು.

ಸ್ಪೀಕರಿನ ಹಿಂದೆ ಇಮೆಲ್ಡಾಳ ಪದಕ ತೂಗುತ್ತಿತ್ತು. ಅದರ ಪಕ್ಕದಲ್ಲಿ, ಅದಕ್ಕೆ ತಾಗಿದಂತೆ, ಇನ್ನೊಂದು ಕಟ್ಟಿತ್ತು: ಒಣಗಿ ಮುದುಡಿದ ಮಾವಿನ ಎಲೆ, ಹಲಸಿನ ಎಲೆ, ಅವುಗಳ ನಡುವೆ ನಾರಿನಿಂದ ಬಿಗಿದ ಭತ್ತದ ತೆನೆ. ತೆನೆಯಲ್ಲಿ ಕಾಳು ಒಂದೂ ಉಳಿದಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಉಮಿ ಚೆಲ್ಲಿತ್ತು. ಮೂಲೆಯಲ್ಲಿ ಕಪ್ಪು ಕಾಗದದ ಚೂರುಗಳು, ಹತ್ತಿಯ ಎಳೆಗಳು, ಅಂಗೈಯಷ್ಟಗಲದ ಒಂದು ಗೂಡು.

ಕಜೆಟನ್ ಕೋನಿನ ಹರಿದ ಅಂಚನ್ನು ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು ನೋಡಿದ. ಪ್ರೆಸ್ಸಿನ ಗೋದಾಮಿನಲ್ಲಿ ಅಂಥ ಅಂಚುಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಚೂರಿ ಕೊಯ್ದರೆ ಬೇರೆ, ಕೈಯಿಂದ ಹರಿದರೆ ಬೇರೆ.

"ಇಲಿ" ಎಂದ. ಒಣಗಿದ ತೆನೆಯನ್ನು ಮುಟ್ಟಿ ಕೇಳಿದ: "ಈ ಕದಿರು?"

"ನಾನೇ ಕಟ್ಟಿದ್ದು" ಎಂದ ಶೇಖರ. "ನವರಾತ್ರಿಯಲ್ಲಿ ಒಳ್ಳೆಯದಾಗಲಿ ಅಂತ ಹೊಸ ತೆನೆಯ ಕದಿರು ಕಟ್ಟುವಾಗ ಆಂಪ್ಲಿಫಯರಿಗೆ ಕಟ್ಟಿದೆ, ಹಾರ್ನಿಗೆ ಕಟ್ಟಿದೆ, ಸೈಕಲ್ಲಿಗೂ ಕಟ್ಟಿದೆ. ನಿನ್ನದು ಒಂದೇ ಬರಿದಾಗಿ ಕೂತಿತ್ತು. ಮನಸ್ಸು ಕೇಳಲಿಲ್ಲ. ಹೊರಗೆ ಕಟ್ಟಿದರೆ ನಿಮ್ಮವರ ಮದುವೆಗಳಲ್ಲಿ ಯಾರಾದರೂ ನಿನಗೆ ಎಂತಾದರೂ ಹೇಳಿಯಾರು ಅಂತ ಹಿಂದಿನ ಹಲಗೆ ತೆಗೆದೆ. ತೆಗೆದರೆ ಒಳಗೆ ನಿಮ್ಮ ಮರಿಯಮ್ಮ ಇದ್ದರು. ಒಳ್ಳೆಯದೇ ಆಯಿತು ಅಂತ ಅವರ ಪಕ್ಕದಲ್ಲೇ ಕಟ್ಟಿದೆ. ವಯರಿನ ತೂತಿನಿಂದ ಇಲಿ ಬಂದೀತು ಅಂತ ನನಗೆ ಹೊಳೆಯಲಿಲ್ಲ."

"ಮತ್ತೆ ಆ ದಿವಸ ನಕ್ಕದ್ದು?"

"ನೀನು ಕದಿರು ಕಂಡಿದ್ದೀ, ಅದಕ್ಕೇ ಸುತ್ತಿ ಬಳಸಿ ಕೇಳುತ್ತಿದ್ದೀ ಅಂತ ನಕ್ಕೆ. ನಾನು ಕದ್ದೆ ಅಂತ ಹೇಳಿದ್ದಂತೆ ನೀನು?"

"ಹೇಳಿದೆ."

"ಯಾರಿಗೆ?"

"ಇಮ್ಯಾನುಯೆಲ್‌ಗೆ."

"ಅವನಿಗೆ ಮಾತ್ರವಾ?"

"ಅವನಿಗೆ ಹೇಳಿದರೆ ಸಾಕಲ್ವಾ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಇಬ್ಬರೂ ನಗುತ್ತಿದ್ದರು. ಶೇಖರ ಬೈರಾಸು ಬಿಚ್ಚಿದ. ಒಳಗಿದ್ದದ್ದು ಅವನದ್ದೇ ಹಳೆಯ ಸ್ಪೀಕರ್. "ನಿನ್ನದು ಹರಿದಿದೆ ಅಂತ ಊರವರಿಂದ ಗೊತ್ತಾಯಿತು. ಮದುವೆಗೆ ಆದೀತು ಅಂತ ತಂದೆ. ಇಟ್ಟುಕೋ." ಬೈರಾಸನ್ನು ಹೆಗಲಿಗೆ ಹಾಕಿ ಮೆಟ್ಟಿಲಿಳಿದ.

"ಚಾ ಕುಡಿದು ಹೋಗಿ ಶೇಖರಣ್ಣ" ಎಂದಳು ಇಮೆಲ್ಡಾ. ಅವನು ತಿರುಗಲಿಲ್ಲ.

ಕಜೆಟನ್ ಆ ಸ್ಪೀಕರನ್ನು ಪೆಟ್ಟಿಗೆಯ ತೂತಿಗೆ ಹಿಡಿದು ನೋಡಿದ. ಚಿಕ್ಕದು, ಒಳಗೆ ಬಿದ್ದೇ ಹೋಗುತ್ತಿತ್ತು. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟ. ಒಳಗೆ ಹೋಗಿ ಮೈದಾ ಅಂಟಿನ ಡಬ್ಬಿ, ಹಳೆಯ ಪುಸ್ತಕಗಳ ಹರಿದ ಹಾಳೆಗೆ ಹಚ್ಚುವ ತೆಳು ಕಾಗದ, ಕುಂಚ ತಂದ. ತನ್ನ ಸ್ಪೀಕರನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕುಂಚವನ್ನು ಅಂಟಿನಲ್ಲಿ ಅದ್ದಿದ.

"ನಿಲ್ಲು ಮಾರಾಯ!"

ಶೇಖರ ಪಾಗಾರದ ಗೇಟಿನ ಹತ್ತಿರವೇ ನಿಂತಿದ್ದ. ಹೋಗಿರಲಿಲ್ಲ.

"ಅಷ್ಟು ನೀರು ನೀರು ಅಂಟು ಹಾಕುವುದಾ? ಇಳಿದು ನಡುವಿನ ತಂತಿಯ ಕಾಯಿಲಿಗೆ ಹೋದರೆ ಅದು ಅಲ್ಲಿಗೇ ಸತ್ತಿತು. ಗಟ್ಟಿ ಮಾಡು. ಸ್ಪೀಕರನ್ನು ಬೋರಲು ಹಿಡಿ. ಅಲ್ಲ, ಹಾಗಲ್ಲ. ಕೊಡು ಇಲ್ಲಿ, ನಾನು ಹಿಡಿಯುತ್ತೇನೆ."

ಅವನು ಹಿಡಿದ. ಕಜೆಟನ್ ಹರಿದ ಅಂಚಿನ ಎಳೆಗಳನ್ನು ಒಂದಕ್ಕೊಂದು ಕೂಡಿಸಿ, ಇಲಿ ತಿಂದು ಹೋದ ಕಡೆ ತೆಳು ಕಾಗದದ ತೇಪೆ ಇಟ್ಟು, ಪುಸ್ತಕದ ಹಾಳೆ ತೀಡುವಂತೆ ಬೆರಳಿನಿಂದ ತೀಡಿದ. ಅಂಟಿಗೆ ಮೈಲುತುತ್ತು ಸೇರಿಸಿದ್ದ. "ಇನ್ನು ಹುಳವೂ ಮುಟ್ಟುವುದಿಲ್ಲ" ಎಂದ. "ಇಲಿ?" ಎಂದ ಶೇಖರ. ಕಜೆಟನ್ ಇನ್ನೊಂದು ತೇಪೆ ಕತ್ತರಿಸಿದ. ಅಷ್ಟು ಬಿಟ್ಟರೆ ಅವರಿಬ್ಬರೂ ಮಾತಾಡಿದ್ದು ಕೆಲಸದ ಮಾತು ಮಾತ್ರ. ಇಮೆಲ್ಡಾ ಚಾ ತಂದಿಟ್ಟಳು. ತಣ್ಣಗಾದ ಮೇಲೆ ಶೇಖರ ಕುಡಿದ.

ಮದುವೆಯ ದಿನ ಬ್ಯಾಂಡಿನ ವ್ಯಾನು ಪಡುಬಿದ್ರಿ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಯಿತು. ಸಾಕ್ಷಿಯ ಕೆಲಸ ಇನ್ನೂ ಮುಗಿದಿಲ್ಲವೆಂದು ಕಜೆಟನ್ ನನ್ನನ್ನೂ ಹತ್ತಿಸಿಕೊಂಡಿದ್ದ. ಮದುವೆಯ ಸಭಾಂಗಣದಲ್ಲಿ ನೋಡಿದರೆ, ಇಮ್ಯಾನುಯೆಲ್ ಯಾವುದಕ್ಕೂ ಇರಲಿ ಎಂದು ಕರೆಸಿದ ಅಲೆಕ್ಸಾಂಡರ್ ಮೊದಲೇ ಬಂದು, ಹೊಳೆಯುವ ಪೆಟ್ಟಿಗೆಯನ್ನು ವೇದಿಕೆಯ ಬಲಬದಿಗೆ ಇಟ್ಟು, ತಂತಿ ಬಿಗಿ ಮಾಡುತ್ತಿದ್ದ.

ಕಜೆಟನ್ ತನ್ನ ಪೆಟ್ಟಿಗೆಯನ್ನು ಎಡಬದಿಗೆ ಇಳಿಸಿದ. ಗಿಟಾರ್ ಎತ್ತಿಕೊಳ್ಳಲಿಲ್ಲ. ಬ್ಯಾಂಡಿನವರೆಲ್ಲ ಸೇರುವವರೆಗೆ ನಿಂತು ಹೇಳಿದ: "ಮೊದಲು ಒಂದು ಮಾತು. ಶೇಖರ ಕದ್ದಿಲ್ಲ. ಒಳಗೆ ಇರುವುದು ನನ್ನದೇ ಸ್ಪೀಕರ್, ಹರಿದದ್ದು ಇಲಿ. ಮಾಸ್ಟ್ರು ಕಣ್ಣಾರೆ ಕಂಡಿದ್ದಾರೆ. ಇಮ್ಯಾನುಯೆಲ್, ನನ್ನ ಆ ಮಾತನ್ನು ಎಲ್ಲೆಲ್ಲ ಹೇಳಿದ್ದೀಯೋ, ಅಲ್ಲೆಲ್ಲ ಇದನ್ನೂ ಹೇಳಬೇಕು. ಇಗರ್ಜಿಯ ಅಂಗಳದಲ್ಲಿ ನಾನೇ ಹೇಳುತ್ತೇನೆ."

ಅಷ್ಟು ಜನರೆದುರು ಹಾಗೆ ಹೇಳುವಾಗ ಅವನ ಕಿವಿಗಳು ಕೆಂಪಾಗಿದ್ದವು. ಬೇಬಿ ಕಂಡಿದ್ದರೆ ತಾಜಾ ಉಂಟು ಎನ್ನುತ್ತಿದ್ದಳು.

"ಅದಿರಲಿ, ನುಡಿಸು ಮೊದಲು" ಎಂದ ಇಮ್ಯಾನುಯೆಲ್.

ಕಜೆಟನ್ ದಪ್ಪ ತಂತಿಯನ್ನು ಮೀಟಿದ. ದುಂ. ಸ್ವರ ಮೊದಲಿಗಿಂತ ಸ್ವಲ್ಪ ಮಂದವಾಗಿತ್ತು, ಆದರೆ ಜರ್ರ್ ಎನ್ನಲಿಲ್ಲ. ಇನ್ನೂ ಗಟ್ಟಿಯಾಗಿ ಮೀಟಿದ. ಇಮ್ಯಾನುಯೆಲ್ ಪೆಟ್ಟಿಗೆಗೆ ಕಿವಿ ಹಚ್ಚಿ ಕುಳಿತು ಕೇಳಿದ. ಎದ್ದು ಪ್ಯಾಂಟಿನ ಧೂಳು ಕೊಡವಿದ.

"ಅಲೆಕ್ಸಾಂಡರ್, ನೀನು ಊಟ ಮಾಡದೆ ಹೋಗಬಾರದು. ಪೆಟ್ಟಿಗೆ ವ್ಯಾನಿನಲ್ಲಿ ಇಡು."

ಹೊಸ ವರ್ಷದ ಪೂಜೆಗೆ ಶೇಖರನ ಹಾರ್ನುಗಳೇ ಇಗರ್ಜಿಯ ತೆಂಗಿನ ಮರ ಹತ್ತಿದವು. ಆದರೆ ಅವನು ತಿಂಗಳುಗಟ್ಟಲೆ ಕಜೆಟನ್‌ನ ಮನೆಗೆ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಕಜೆಟನ್ ಪೆಟ್ಟಿಗೆಯನ್ನು ಅಟ್ಟಕ್ಕೆ ಕಳುಹಿಸಲೂ ಇಲ್ಲ. ಕೇಳಲು ಬಾಯಿ ಬರಲಿಲ್ಲ ಎಂದು ಇಮೆಲ್ಡಾ ನನ್ನ ಹೆಂಡತಿಯ ಹತ್ತಿರ ಹೇಳಿದಳು. ಮಂಚದ ಮೇಲೆ ಪೆಟ್ಟಿಗೆ, ನೆಲದ ಮೇಲೆ ಗಂಡ ಹೆಂಡತಿ, ಹೀಗೆ ಆ ಮಳೆ ಕಳೆಯಿತು.

ನವರಾತ್ರಿ ಬಂತು. ಒಂದು ಬೆಳಿಗ್ಗೆ ನಾನು ಪಾಗಾರದ ಈಚೆ ಗಿಡಗಳಿಗೆ ನೀರು ಹಾಕುತ್ತಿದ್ದೆ. ಶೇಖರ ಸೈಕಲ್ ಒರಗಿಸಿ ಕಜೆಟನ್‌ನ ಅಂಗಳದಲ್ಲಿ ನಿಂತಿದ್ದ. ಕೈಯಲ್ಲಿ ಎಲೆಗಳ ನಡುವೆ ಬಿಗಿದ ಒಂದು ಹಿಡಿ ಹೊಸ ತೆನೆ. ಮೆಟ್ಟಿಲು ಹತ್ತದೆ, ಕರೆಯದೆ ಸುಮ್ಮನೆ ನಿಂತಿದ್ದ.

ಕಜೆಟನ್ ಹೊರಗೆ ಬಂದು ನೋಡಿದ. ಒಳಗೆ ಹೋಗಿ ಇಮೆಲ್ಡಾಳ ಸಹಾಯದಿಂದ ಪೆಟ್ಟಿಗೆಯನ್ನು ಜಗಲಿಗೆ ತಂದ.

"ಸ್ಕ್ರೂಡ್ರೈವರ್ ಕೊಡುತ್ತೀಯಾ, ನನ್ನದನ್ನೇ ತೆಗೆಯಲಾ?" ಎಂದ ಶೇಖರ.

"ಎಂತಕ್ಕೆ? ಹೊರಗೆ ಕಟ್ಟು. ಹಿಡಿಕೆಗೆ. ಕಾಣುವ ಹಾಗೆ."

"ನಿಮ್ಮವರು ಎಂತಾದರೂ ಹೇಳಿದರೆ?"

"ನಾವೂ ಮರಿಯಮ್ಮನ ಮೊಂತಿ ಹಬ್ಬಕ್ಕೆ ತೆನೆ ಮನೆಗೆ ತರುವವರೇ ಅಲ್ವಾ? ಯಾರು ಎಂತ ಹೇಳುತ್ತಾರೆ ನೋಡುವ."

"ಕಾಳು ಉದುರಿಸಿ ಕಟ್ಟಲಾ? ಮತ್ತೆ ಇಲಿ..."

"ಕಾಳಿಲ್ಲದ ಕದಿರು ಎಂಥ ಕದಿರು ಮಾರಾಯ! ಇರಲಿ. ತೂತಿಗೆ ನಾನು ಜಾಲರಿ ಹೊಡೆದಿದ್ದೇನೆ."

ಶೇಖರ ಕಟ್ಟಿದ. ನಾರಿನ ಗಂಟನ್ನು ಎರಡು ಸಲ ಎಳೆದು ಬಿಗಿ ಮಾಡಿದ. ಇಮೆಲ್ಡಾ ಚಾ ತಂದಳು. ಈ ಸಲ ಬಿಸಿಯಿರುವಾಗಲೇ ಕುಡಿದ. ಅವನ ಸೈಕಲ್ ತಿರುವು ದಾಟಿ ಮರೆಯಾದ ಮೇಲೆ ಕಜೆಟನ್ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದ. ಆಮೇಲೆ ಮೊಣಕಾಲೂರಿ ಪೆಟ್ಟಿಗೆಯ ಹಿಂಬದಿಗೆ ಬಾಗಿ, ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ನೋಡಿದ. ಎಲ್ಲ ನೆಟ್ಟಗಿದ್ದಿರಬೇಕು. ಎದ್ದು ನಿಂತಾಗ ನಾನು ನೋಡುತ್ತಿದ್ದದ್ದು ಕಂಡಿತು.

"ಧೂಳು ಒರೆಸಿದ್ದು, ಮಾಸ್ಟ್ರೇ" ಎಂದ.